'ರಿವರ್ಸ್ ಆಫ್ ಲಂಡನ್' ಮಾಲಿಕೆಯನ್ನು ಕೊನೆಯವರೆಗೂ ಕೇಳಿಯೇ ಮುಗಿಸಬಹುದೇ?

ಕಿವಿಯೋದುಗ ಅವರ ಪ್ರಶ್ನೆ

ಬೆನ್ ಆರೊನೊವಿಚ್ ಅವರ 'ರಿವರ್ಸ್ ಆಫ್ ಲಂಡನ್' ಮಾಲಿಕೆಯನ್ನು ಈಚೆಗೆ ಆಡಿಯೋಬುಕ್ ರೂಪದಲ್ಲಿ ಕೇಳತೊಡಗಿದ್ದೇನೆ. ಮೊದಲ ಎರಡು ಕಾದಂಬರಿಗಳು ಮುಗಿದಿವೆ. ಮೂರನೆಯದಾದ 'ವಿಸ್ಪರ್ಸ್ ಅಂಡರ್ ಗ್ರೌಂಡ್' ಅರ್ಧಕ್ಕೆ ಬಂದಿದೆ. ಮಾಲಿಕೆಯ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯಲ್ಲಿ ಪ್ರೊಬೇಷನ್ ಮುಗಿಸುವ ಹಂತದಲ್ಲಿರುವ ಪೀಟರ್ ಗ್ರಾಂಟ್ ಎಂಬ ಕಾನ್‌ಸ್ಟೆಬಲ್, ಕೋವೆಂಟ್ ಗಾರ್ಡನ್ನಿನಲ್ಲಿ ಕೊಲೆ ನಡೆದ ಜಾಗವನ್ನು ರಾತ್ರಿ ಕಾಯುತ್ತಿರುವಾಗ ಒಬ್ಬ ಸಾಕ್ಷಿ ಸಿಗುತ್ತಾನೆ; ಹೇಳಿಕೆ ಬರೆದುಕೊಳ್ಳಲು ಹೊರಟರೆ ಆ ಸಾಕ್ಷಿ ಸತ್ತು ನೂರು ವರ್ಷ ದಾಟಿದ ದೆವ್ವ. ಅಲ್ಲಿಂದ ಮುಂದೆ ಪೀಟರ್, ನೈಟಿಂಗೇಲ್ ಎಂಬ ಹಿರಿಯ ಅಧಿಕಾರಿಯ ಶಿಷ್ಯನಾಗಿ, ರಸೆಲ್ ಸ್ಕ್ವೇರ್‌ನ 'ಫಾಲಿ' ಎಂಬ ಹಳೆಯ ಮಹಲಿನಲ್ಲಿದ್ದುಕೊಂಡು ಮಂತ್ರವಿದ್ಯೆ ಕಲಿಯುತ್ತಾನೆ, ಜೊತೆಗೆ ಪೊಲೀಸ್ ಕೆಲಸದ ಕಾಗದಪತ್ರಗಳನ್ನೂ ತುಂಬುತ್ತಿರುತ್ತಾನೆ. ಈ ಎರಡನೆಯದೇ ನನಗೆ ಹೆಚ್ಚು ಹಿಡಿಸಿದ್ದು. ದೆವ್ವ ಕಂಡರೂ ಅದನ್ನು ಯಾವ ನಮೂನೆಯಲ್ಲಿ ವರದಿ ಮಾಡಬೇಕೆಂದು ಯೋಚಿಸುವ ನಾಯಕ ಅಪರೂಪ.

ಪುಸ್ತಕಗಳನ್ನು ಓದುತ್ತಿರುವವರು ಕೋಬ್ನಾ ಹೋಲ್ಡ್‌ಬ್ರೂಕ್-ಸ್ಮಿತ್. ದನಿ ಬಹಳ ಇಷ್ಟವಾಗಿದೆ, ಆದರೆ ಮೊದಲ ಪುಸ್ತಕದ ಆರಂಭದಲ್ಲಿ ಪಾತ್ರಗಳ ಉಚ್ಚಾರಣೆಗೆ ಕಿವಿ ಹೊಂದಿಕೊಳ್ಳುವವರೆಗೆ ಕಷ್ಟಪಟ್ಟೆ. ನಮ್ಮ ಕಚೇರಿಯ ಇಂಗ್ಲಿಷನ್ನೂ ದೂರದರ್ಶನದ ವಾರ್ತೆಯ ಇಂಗ್ಲಿಷನ್ನೂ ಕೇಳಿ ಅಭ್ಯಾಸವಾದ ಕಿವಿಗೆ, ಒಂದೇ ಊರಿನೊಳಗೆ ಇಷ್ಟು ಬಗೆಯ ಇಂಗ್ಲಿಷ್ ಇರುತ್ತದೆಂಬುದೇ ಹೊಸದು. ಈಗ ಪಾತ್ರಗಳ ಸಂಖ್ಯೆ ಏರುತ್ತಿದೆ. ಹಿಂದಿನ ಪುಸ್ತಕದಲ್ಲಿ ಒಮ್ಮೆ ಸುಳಿದು ಹೋದವರು ಈ ಪುಸ್ತಕದಲ್ಲಿ ಏಕಾಏಕಿ ಬಂದು ನಿಲ್ಲುತ್ತಾರೆ; ಅವರು ಯಾರೆಂದು ನೋಡಲು ತಿರುವಿಹಾಕುವುದಕ್ಕೆ ಕೈಯಲ್ಲಿ ಪುಟಗಳಿಲ್ಲ. ಹೀಗೆ ಕೇಳುತ್ತಲೇ ಮಾಲಿಕೆಯ ಕೊನೆಯವರೆಗೆ ಹೋದವರು ಇಲ್ಲಿದ್ದಾರೆಯೇ? ಮುಂದಿನ ಪುಸ್ತಕಗಳಲ್ಲಿಯೂ ಇವರೇ ಓದುತ್ತಾರೆಯೇ? ನಡುನಡುವೆ ಕಿರುಕಾದಂಬರಿಗಳೂ ಚಿತ್ರಕತೆಗಳೂ (ಕಾಮಿಕ್ಸ್) ಇವೆಯೆಂದು ಕೇಳಿದ್ದೇನೆ. ಅವನ್ನು ಎಲ್ಲಿ ಸೇರಿಸಿಕೊಳ್ಳಬೇಕು? ದಯವಿಟ್ಟು ನಾಲ್ಕನೆಯ ಪುಸ್ತಕದಿಂದ ಮುಂದಿನ ಗುಟ್ಟುಗಳನ್ನು ಬಿಟ್ಟುಕೊಡದೆ ಉತ್ತರಿಸಿ.

ತೇಮ್ಸ್ ದಂಡೆಯವಳು

ಕಿವಿಯೋದುಗ ಅವರೇ, ಧಾರಾಳವಾಗಿ ಮುಂದುವರಿಸಿ. ನಾನು ಲಂಡನ್ನಿನಲ್ಲಿ ನೆಲೆಸಿರುವವಳು. ಈ ಮಾಲಿಕೆಯನ್ನು ಪೂರ್ತಿಯಾಗಿ ಕೇಳಿದ್ದೇನೆ, ಕೆಲವನ್ನು ಎರಡನೆಯ ಸಲವೂ ಕೇಳಿದ್ದೇನೆ. ನಿಮಗೆ ಕಷ್ಟವೆನಿಸಿದ ಆ ಉಚ್ಚಾರಣೆಗಳೇ ಇದನ್ನು ಓದುವುದಕ್ಕಿಂತ ಕೇಳುವುದು ಮೇಲು ಎನ್ನುವುದಕ್ಕೆ ಮೊದಲ ಕಾರಣ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಒಬ್ಬರು ಬಾಯಿ ತೆರೆದ ಕೂಡಲೇ ಅವರು ಯಾವ ಕಡೆಯವರು, ಯಾವ ಶಾಲೆಯಲ್ಲಿ ಕಲಿತವರು, ಯಾವ ಅಂತಸ್ತಿನವರು ಎಂಬುದನ್ನು ಎದುರಿಗಿರುವವರು ಊಹಿಸಿಬಿಡುತ್ತಾರೆ. ಕಾದಂಬರಿಕಾರ ಅದನ್ನು ಪ್ರತಿ ಮಾತಿನಲ್ಲಿಯೂ ಅಕ್ಷರಗಳಲ್ಲಿ ತೋರಿಸಲು ಹೋದರೆ ಓದುವುದೇ ದುಸ್ತರವಾಗುತ್ತದೆ. ಆದ್ದರಿಂದ ಆರೊನೊವಿಚ್ ಅಲ್ಲಲ್ಲಿ ಒಂದು ಸೂಚನೆ ಕೊಟ್ಟು ಸುಮ್ಮನಾಗುತ್ತಾರೆ. ಉಳಿದದ್ದನ್ನು ಹೋಲ್ಡ್‌ಬ್ರೂಕ್-ಸ್ಮಿತ್ ತುಂಬುತ್ತಾರೆ. ನೈಟಿಂಗೇಲ್ ಅವರದು ಹಳೆಯ ಕಾಲದ ವಸತಿಶಾಲೆಯ ಇಂಗ್ಲಿಷ್: ಪ್ರತಿ ಪದವೂ ಇಸ್ತ್ರಿ ಮಾಡಿದಂತೆ ನೆಟ್ಟಗಿರುತ್ತದೆ. ಪೀಟರನ ಸಹೋದ್ಯೋಗಿ ಲೆಸ್ಲಿ ಎಸೆಕ್ಸ್ ಕಡಲತೀರದ ಊರಿನವಳು. ಸದಾ ಸಿಡಿಮಿಡಿಗುಟ್ಟುವ ಹಿರಿಯ ಪೊಲೀಸ್ ಅಧಿಕಾರಿ ಸೀವಾಲ್ ಉತ್ತರ ಇಂಗ್ಲೆಂಡಿನವರು. ಶವಗಳ ಮಿದುಳನ್ನು ಪರೀಕ್ಷಿಸುವ ಡಾಕ್ಟರ್ ವಾಲಿದ್ ಹೆಸರು ಕೇಳಿದರೆ ನಾವು ಬೇರೊಂದು ದನಿಯನ್ನು ನಿರೀಕ್ಷಿಸುತ್ತೇವೆ, ಆದರೆ ಅವರು ಇಸ್ಲಾಮಿಗೆ ಮತಾಂತರವಾದ ಸ್ಕಾಟ್ಲೆಂಡಿನವರು. ಕಿವಿಯಲ್ಲಿ ಅದು ಪ್ರತಿ ಸಲವೂ ಹಿತವಾದ ಅಚ್ಚರಿ. ಪೀಟರನ ತಾಯಿ ಸಿಯೆರಾ ಲಿಯೋನ್‌ನವರು, ಕಚೇರಿಗಳನ್ನು ಸ್ವಚ್ಛಗೊಳಿಸುವ ಕೆಲಸ ಮಾಡುವವರು. ಥೇಮ್ಸ್ ನದಿಯ ದೇವತೆಯಾದ ಮಾಮಾ ಥೇಮ್ಸ್ ಎಂಬಾಕೆ ನೈಜೀರಿಯಾದವರು. ಪಶ್ಚಿಮ ಆಫ್ರಿಕದ ಈ ಎರಡು ದೇಶಗಳ ಹೆಂಗಸರ ಮಾತು ಒಂದೇ ಬಗೆಯದಲ್ಲ. ಘಾನಾ ಮೂಲದ ಕುಟುಂಬದಿಂದ ಬಂದ ಈ ನಟನಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಿದೆಯೆಂಬುದು ಕೇಳಿದವರಿಗೆ ತಿಳಿಯುತ್ತದೆ. ಅವರು ಮೂಲತಃ ರಂಗಭೂಮಿಯವರು. ಟೀನಾ ಟರ್ನರ್ ಜೀವನವನ್ನು ಆಧರಿಸಿದ ಸಂಗೀತನಾಟಕದಲ್ಲಿ ಐಕ್ ಟರ್ನರ್ ಪಾತ್ರಕ್ಕಾಗಿ 2019ರಲ್ಲಿ ಒಲಿವಿಯೇ ಪ್ರಶಸ್ತಿ ಪಡೆದವರು.

ಇಷ್ಟೆಲ್ಲ ದನಿಗಳ ನಡುವೆ ಪೀಟರನ ಸ್ವಂತ ದನಿ ಇದೆ. ಕತೆಯೆಲ್ಲ ಅವನ ಬಾಯಿಂದಲೇ ಬರುವುದರಿಂದ ಇದೇ ಮುಖ್ಯ. ಕೆಂಟಿಶ್ ಟೌನಿನ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ಹುಡುಗ, ಜಾಝ್ ಕಹಳೆಗಾರನ ಮಗ, ವಾಸ್ತುಶಿಲ್ಪಿಯಾಗಬೇಕೆಂದಿದ್ದವನು. ಅವನ ಹಾಸ್ಯವೆಲ್ಲ ವಾಕ್ಯದ ಕೊನೆಯಲ್ಲಿ ಅಡಗಿರುತ್ತದೆ. ಮುಖದಲ್ಲಿ ನಗುವಿಲ್ಲದೆ ಹೇಳಿ ಮುಂದಕ್ಕೆ ಹೋಗಿಬಿಡುತ್ತಾನೆ. ಆದ್ದರಿಂದ ವೇಗವನ್ನು ಒಂದೂವರೆ ಪಟ್ಟು ಏರಿಸಿ ಕೇಳುವ ಅಭ್ಯಾಸವಿದ್ದರೆ ಇದಕ್ಕೆ ಮಾತ್ರ ಅದನ್ನು ಬಿಡಿ. ಮೊದಲ ಪುಸ್ತಕ ಹತ್ತು ಗಂಟೆಯ ಆಸುಪಾಸಿನದು; ಅವಸರದಿಂದ ಉಳಿಯುವ ಮೂರು ಗಂಟೆಗಿಂತ ಆ ಪುಟ್ಟ ಬಿಡುವುಗಳು ಹೆಚ್ಚು ಬೆಲೆಯುಳ್ಳವು.

ಎರಡನೆಯ ಕಾರಣ 'ವೆಸ್ಟಿಜಿಯಾ'. ಮಂತ್ರ ನಡೆದ ಸ್ಥಳದಲ್ಲಿ, ಕಲ್ಲಿನಲ್ಲಿ, ಶವದಲ್ಲಿ ಉಳಿಯುವ ಅನುಭವದ ಕುರುಹನ್ನು ಪೀಟರ್ ಗುರುತಿಸುವ ವಿಧಾನ ನಿಮಗೆ ಈಗಾಗಲೇ ತಿಳಿದಿದೆ. ಎರಡನೆಯ ಪುಸ್ತಕದಲ್ಲಿ ಸತ್ತ ಜಾಝ್ ವಾದಕನ ದೇಹದ ಬಳಿ ಬಾಗಿದಾಗ ಅವನಿಗೆ ಹಳೆಯ ರಾಗವೊಂದು ಕೇಳುತ್ತದೆಯಲ್ಲ, ಆ ಭಾಗವನ್ನು ಇನ್ನೊಮ್ಮೆ ಹಾಕಿಕೊಳ್ಳಿ. ಓದುವ ದನಿ ಅಲ್ಲಿ ಒಂದು ಮಟ್ಟ ತಗ್ಗುತ್ತದೆ, ಪದಗಳ ನಡುವಿನ ಅಂತರ ಹೆಚ್ಚುತ್ತದೆ. ಕಣ್ಣಿಗೆ ಕಾಣದ್ದನ್ನು ವಾಸನೆಯಾಗಿ, ಸದ್ದಾಗಿ ಹಿಡಿಯುವ ಇಂಥ ಜಾಗಗಳು ಇಡೀ ಮಾಲಿಕೆಯ ತುಂಬ ಇವೆ.

ಇನ್ನೊಂದು ವಿಷಯ, ಸ್ವಲ್ಪ ಪಕ್ಕದ್ದು. ಪುಸ್ತಕದ ನದಿಗಳೆಲ್ಲ ನಿಜವಾದ ನದಿಗಳು. ಮಾಮಾ ಥೇಮ್ಸ್ ಮತ್ತು ನದಿಯ ಮೇಲ್ಭಾಗದ ದೇವತೆ ಫಾದರ್ ಥೇಮ್ಸ್ ನಡುವಿನ ಗಡಿಯಾದ ಟೆಡಿಂಗ್ಟನ್ ಲಾಕ್‌ವರೆಗೆ ಸಮುದ್ರದ ಉಬ್ಬರವಿಳಿತ ತಲುಪುತ್ತದೆ, ಅದರಾಚೆ ಇಲ್ಲ. ಲೇಖಕರು ಭೂಗೋಳದ ಗೆರೆಯನ್ನೇ ಎರಡು ಮನೆತನಗಳ ಗಡಿಯಾಗಿಸಿದ್ದಾರೆ. ಬೆವರ್ಲಿ ಬ್ರೂಕ್ ಇಂದಿಗೂ ರಿಚ್‌ಮಂಡ್ ಪಾರ್ಕಿನ ನಡುವೆ ಬಯಲಲ್ಲೇ ಹರಿಯುವ ಸಣ್ಣ ತೊರೆ. ಟೈಬರ್ನ್, ಫ್ಲೀಟ್, ಎಫ್ರಾಗಳ ಮೇಲೆ ನಗರ ಮುಚ್ಚಿಕೊಂಡಿದೆ. ಕ್ಲರ್ಕನ್‌ವೆಲ್ಲಿನ ರೇ ಸ್ಟ್ರೀಟಿನಲ್ಲಿ ಪಬ್ಬೊಂದರ ಎದುರಿಗೆ ರಸ್ತೆಯಲ್ಲಿ ಕಬ್ಬಿಣದ ಜಾಲರಿಯೊಂದಿದೆ. ವಾಹನಗಳಿಲ್ಲದ ಹೊತ್ತಿನಲ್ಲಿ ಬಾಗಿ ಕಿವಿಗೊಟ್ಟರೆ ಕೆಳಗೆ ಫ್ಲೀಟ್ ಹರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಕಾವೇರಿಯನ್ನು ತಾಯಿಯೆಂದೇ ಕರೆದು ಬೆಳೆದ ನಮಗೆ ನದಿಯೊಬ್ಬಳು ಬಾಗಿಲು ತೆರೆದು ಒಳಗೆ ಬಾ ಎನ್ನುವುದು ವಿಚಿತ್ರವೆನಿಸುವುದಿಲ್ಲ. ಇಲ್ಲಿನ ನನ್ನ ಸಹೋದ್ಯೋಗಿಗಳು ಅದನ್ನೇ ಮಾಲಿಕೆಯ ಅತ್ಯಂತ ಅದ್ಭುತವಾದ ಕಲ್ಪನೆ ಎನ್ನುತ್ತಾರೆ. ನನಗಾದರೋ ಆ ಮನೆತನದ ಅಕ್ಕತಂಗಿಯರ ಜಗಳವೇ ಹೆಚ್ಚು ಸೊಗಸು.

ಅಚ್ಚಿನಮೊಳೆ

ಮೇಲಿನ ಉತ್ತರವನ್ನು ಮೆಚ್ಚಿದರೂ ನಾನು ಸ್ವಲ್ಪ ಭಿನ್ನಮತ ದಾಖಲಿಸಬೇಕು. ಈ ಕಾದಂಬರಿಗಳು ಮಂತ್ರತಂತ್ರದ ಕತೆಗಳಾಗಿರುವಷ್ಟೇ ಪತ್ತೇದಾರಿ ಕತೆಗಳೂ ಹೌದು. ಪತ್ತೇದಾರಿ ಕತೆಯ ಸುಖವಿರುವುದು ಹಿಂದಕ್ಕೆ ಹೋಗಿ, ಲೇಖಕ ನಮ್ಮ ಕಣ್ಣೆದುರೇ ಇಟ್ಟಿದ್ದ ಸುಳಿವನ್ನು ಮತ್ತೆ ನೋಡುವುದರಲ್ಲಿ. ಎರಡನೆಯ ಪುಸ್ತಕದಲ್ಲಿ ಆಕ್ಸ್‌ಫರ್ಡಿನ ಊಟದ ಕೂಟವೊಂದರ ಪ್ರಸ್ತಾಪ ಬಂತಲ್ಲ, 'ಲಿಟಲ್ ಕ್ರೊಕೊಡೈಲ್ಸ್' ಎಂದು? ಅದರ ಸದಸ್ಯರ ಹೆಸರುಗಳು ಒಂದೊಂದಾಗಿ ಮುಂದಿನ ಪುಸ್ತಕಗಳಲ್ಲಿ ಹರಡಿಕೊಂಡು ಬರುತ್ತವೆ. ಮುಖ ಕಾಣಿಸದೆ ತಲೆದೋರಿದ ಆ ವೈರಿಯ ಕತೆ ಒಂದು ನೆಲೆಗೆ ಬರುವುದು ಏಳನೆಯ ಪುಸ್ತಕದಲ್ಲಿ. 2011ರಲ್ಲಿ ಬಿತ್ತಿದ್ದನ್ನು 2018ರಲ್ಲಿ ಕೊಯ್ಯುವ ಲೇಖಕರಿವರು. ಪಾತ್ರೆ ತೊಳೆಯುತ್ತ, ಬಸ್ಸಿನಲ್ಲಿ ನಿಂತು ಕೇಳಿದ ಹೆಸರುಗಳು ಅಷ್ಟು ದೂರ ನೆನಪಿನಲ್ಲಿ ಉಳಿಯುವುದು ಕಷ್ಟ.

ನಮ್ಮಲ್ಲಿ ಕೇಳುವ ಸಂಪ್ರದಾಯ ಹಳೆಯದು, ನಿಜ. ಆದರೆ ಗಮಕದಲ್ಲಿ ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸಿದರೆ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ವ್ಯಾಖ್ಯಾನ ಮಾಡುತ್ತಾರೆ. ಕರ್ಣ ಯಾರ ಮಗನೆಂದು ಸಭಿಕರಿಗೆ ಮೊದಲೇ ಗೊತ್ತಿರುತ್ತದೆ. ಆಡಿಯೋಬುಕ್ಕಿಗೆ ವ್ಯಾಖ್ಯಾನಕಾರರೂ ಇಲ್ಲ, ಕತೆ ಮೊದಲೇ ಗೊತ್ತಿರುವ ಸಭೆಯೂ ಇಲ್ಲ.

ಇದರ ಜೊತೆಗೆ ಪೀಟರನ ಕಟ್ಟಡಪ್ರೇಮವಿದೆ. ಯಾವ ಬೀದಿಗೆ ಹೋದರೂ ಅಲ್ಲಿನ ಮನೆಗಳು ಯಾವ ಶೈಲಿಯವು, ಯಾವ ಶತಮಾನದವು, ಅವುಗಳಲ್ಲಿ ಏನು ತಪ್ಪಿದೆ ಎಂಬ ಟೀಕೆ ಬಂದೇ ಬರುತ್ತದೆ. ನಿಮಗೆ ಮುಂದೆ ಬರಲಿರುವ ನಾಲ್ಕನೆಯ ಪುಸ್ತಕ 'ಬ್ರೋಕನ್ ಹೋಮ್ಸ್' ಎಂಬುದಂತೂ ದಕ್ಷಿಣ ಲಂಡನ್ನಿನ ಬಹುಮಹಡಿ ವಸತಿ ಗೋಪುರವೊಂದರ ಸುತ್ತಲೇ ನಡೆಯುತ್ತದೆ. ಆ ಗೋಪುರದ ರಚನೆಯನ್ನು ಪುಟದಲ್ಲಿ ನಿಧಾನವಾಗಿ ಓದಿ, ಕಾಗದದ ಮೇಲೆ ಗೆರೆ ಎಳೆದು ಅರ್ಥ ಮಾಡಿಕೊಂಡಷ್ಟು ಚೆನ್ನಾಗಿ ಕೇಳಿ ಅರ್ಥ ಮಾಡಿಕೊಳ್ಳಲಾಗದು. ಹಾಗಾಗಿ ನನ್ನ ಸಲಹೆ ಇಷ್ಟೇ: ಕೇಳಿ, ಆದರೆ ನಾಲ್ಕು, ಆರು ಮತ್ತು ಏಳನೆಯ ಪುಸ್ತಕಗಳ ಮುದ್ರಿತ ಅಥವಾ ಇ-ಪುಸ್ತಕದ ಪ್ರತಿಯೂ ಹತ್ತಿರವಿರಲಿ. ಇ-ಪುಸ್ತಕದಲ್ಲಿ ಹೆಸರನ್ನು ಹುಡುಕಿದರೆ ಹಿಂದೆ ಎಲ್ಲೆಲ್ಲಿ ಬಂದಿತ್ತೆಂಬುದು ಕ್ಷಣದಲ್ಲಿ ಸಿಗುತ್ತದೆ.

ತೇಮ್ಸ್ ದಂಡೆಯವಳು

ಅಚ್ಚಿನಮೊಳೆ ಅವರೇ, ಗೋಪುರದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಹೆಸರುಗಳ ವಿಷಯದಲ್ಲಿ ಪೂರ್ತಿ ಒಪ್ಪಲಾರೆ. ಪುಟದಲ್ಲಿ ಓದುವಾಗ ನನಗೆ ಹೆಸರು ಮರೆಯುತ್ತದೆ, ಕೇಳುವಾಗ ಹೆಸರು ಮರೆತರೂ ದನಿ ಮರೆಯುವುದಿಲ್ಲ. ಮೂರು ಪುಸ್ತಕಗಳ ಹಿಂದೆ ಕೇಳಿದ್ದ ವ್ಯಕ್ತಿ ಮತ್ತೆ ಮಾತನಾಡಿದಾಗ, ಅವರ ಹೆಸರು ಬರುವ ಮುನ್ನವೇ ಪರಿಚಿತರು ಬಂದರೆಂದು ತಿಳಿಯುತ್ತದೆ. ಇದು ಸಾಧ್ಯವಾಗುವುದು ಒಬ್ಬರೇ ಓದುಗರು ಮಾಲಿಕೆಯನ್ನು ನಡೆಸಿಕೊಂಡು ಬಂದಾಗ ಮಾತ್ರ.

ಇನ್ನು ಮೊದಲ ಪುಸ್ತಕದ ಪಂಚ್ ಗೊಂಬೆಯನ್ನೇ ನೋಡಿ. ಪಂಚ್ ಮತ್ತು ಜೂಡಿ ಗೊಂಬೆಯಾಟದಲ್ಲಿ ಆಟಗಾರ ತನ್ನ ಬಾಯೊಳಗೆ 'ಸ್ವಾಝಲ್' ಎಂಬ ಪುಟ್ಟ ಪೀಪಿಯನ್ನು ಇಟ್ಟುಕೊಂಡು ಆ ಕೀರಲು ದನಿ ಹೊರಡಿಸುತ್ತಾನೆ. ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ 1662ರ ಮೇ ತಿಂಗಳಲ್ಲಿ ಕೋವೆಂಟ್ ಗಾರ್ಡನ್ನಿನಲ್ಲಿ ಇಂಥ ಗೊಂಬೆಯಾಟ ನೋಡಿದ್ದನ್ನು ಬರೆದಿದ್ದಾನೆ. ಅಲ್ಲಿನ ಸೇಂಟ್ ಪಾಲ್ಸ್ ಚರ್ಚಿನ ಗೋಡೆಯ ಮೇಲೆ ಅದರ ನೆನಪಿನ ಬರಹವಿದೆ. ಪೀಟರ್ ದೆವ್ವವನ್ನು ಕಂಡದ್ದು ಅದೇ ಚರ್ಚಿನ ಕಂಬಗಳ ಬಳಿ. ಆ ಗೊಂಬೆಯ ದನಿ ಒಬ್ಬ ಮನುಷ್ಯನ ಬಾಯಿಂದ ಹೊರಡುವಾಗ ಬೆನ್ನು ಚುಳುಕ್ ಎನ್ನುವುದು ಕೇಳಿದವರಿಗೇ ಗೊತ್ತು.

ಇರುಳುಪಯಣಿಗ

ಒಬ್ಬರೇ ಓದುಗರು ಎಂಬ ಮಾತು ಬಂದದ್ದರಿಂದ ಇದನ್ನು ಹೇಳುತ್ತಿದ್ದೇನೆ. ನಾನು ಈ ಬಗೆಯ ಕಾದಂಬರಿಗಳಿಗೆ ಬಂದದ್ದು ಜಿಮ್ ಬುಚರ್ ಅವರ 'ಡ್ರೆಸ್ಡನ್ ಫೈಲ್ಸ್' ಮೂಲಕ. ಶಿಕಾಗೊ ನಗರದಲ್ಲಿ ಹಣ ತೆಗೆದುಕೊಂಡು ಕೇಸು ಬಿಡಿಸುವ ಮಂತ್ರವಾದಿ ಹ್ಯಾರಿ ಡ್ರೆಸ್ಡನ್‌ನ ಈ ಕತೆ 2000ದಲ್ಲಿ ಆರಂಭವಾಯಿತು. ಓದಿದವರು ಜೇಮ್ಸ್ ಮಾರ್ಸ್ಟರ್ಸ್, 'ಬಫಿ' ಎಂಬ ದೂರದರ್ಶನ ಧಾರಾವಾಹಿಯಲ್ಲಿ ಸ್ಪೈಕ್ ಎಂಬ ರಕ್ತಪಿಶಾಚಿಯ ಪಾತ್ರ ಮಾಡಿದವರು. ಮೊದಲ ಒಂದೆರಡು ಪುಸ್ತಕಗಳ ಧ್ವನಿಮುದ್ರಣ ನುಣುಪಾಗಿಲ್ಲ: ಉಸಿರೆಳೆದುಕೊಳ್ಳುವುದು, ನಡುವೆ ಗಂಟಲು ತಡವರಿಸುವುದು ಎಲ್ಲ ಕೇಳುತ್ತದೆ. ಆದರೂ ಮುಂದೆ ಹೋದಂತೆ ಆ ದನಿಯೇ ಹ್ಯಾರಿಯಾಗಿಬಿಡುತ್ತದೆ. ದಣಿದು, ಮೂಳೆ ಮುರಿದುಕೊಂಡು, ಆದರೂ ಎದುರಾಳಿಯನ್ನು ಕೆಣಕುವ ಬಾಯಿ ಬಿಡದ ಹ್ಯಾರಿ.

ಹದಿಮೂರನೆಯ ಪುಸ್ತಕ 'ಘೋಸ್ಟ್ ಸ್ಟೋರಿ' 2011ರಲ್ಲಿ ಬಂದಾಗ ಅದನ್ನು ಓದಿದವರು ಜಾನ್ ಗ್ಲೋವರ್. ಅವರು ಅನುಭವಿ ನಟರು. ಓದಿನಲ್ಲಿ ದೋಷ ಹುಡುಕುವಂಥದ್ದೇನೂ ಇರಲಿಲ್ಲ. ಆದರೆ ಹನ್ನೆರಡು ಪುಸ್ತಕಗಳವರೆಗೆ ಒಂದು ದನಿಯಲ್ಲಿ ತನ್ನ ಕತೆ ಹೇಳಿಕೊಂಡವನು ಇದ್ದಕ್ಕಿದ್ದಂತೆ ಬೇರೊಬ್ಬರ ದನಿಯಲ್ಲಿ 'ನಾನು' ಎಂದಾಗ ಕೇಳುಗರಿಗೆ ಒಗ್ಗಲಿಲ್ಲ. ಮುಂದಿನ ಪುಸ್ತಕಕ್ಕೆ ಮಾರ್ಸ್ಟರ್ಸ್ ಹಿಂದಿರುಗಿದರು; ಅಷ್ಟೇ ಅಲ್ಲ, ಕೆಲವು ವರ್ಷಗಳ ಬಳಿಕ ಆ ಹದಿಮೂರನೆಯ ಪುಸ್ತಕವನ್ನೂ ಅವರಿಂದಲೇ ಹೊಸದಾಗಿ ಓದಿಸಿ ಬಿಡುಗಡೆ ಮಾಡಿದರು. ಈಗಾಗಲೇ ಮಾರಾಟವಾಗುತ್ತಿರುವ ಪುಸ್ತಕವನ್ನು ಪ್ರಕಾಶಕರು ಮತ್ತೊಮ್ಮೆ ಖರ್ಚು ಮಾಡಿ ಓದಿಸುತ್ತಾರೆಂದರೆ ದನಿಯ ಹಿಡಿತ ಎಂಥದೆಂದು ಊಹಿಸಿ. ತೃತೀಯ ಪುರುಷದಲ್ಲಿ ಹೇಳುವ ಕತೆಯಾಗಿದ್ದರೆ ಇಷ್ಟು ಗದ್ದಲವಾಗುತ್ತಿರಲಿಲ್ಲ ಎಂಬುದು ನನ್ನ ಊಹೆ.

ಈ ದೃಷ್ಟಿಯಿಂದ 'ರಿವರ್ಸ್ ಆಫ್ ಲಂಡನ್' ಮಾಲಿಕೆಯವರು ಜಾಣತನ ತೋರಿಸಿದ್ದಾರೆ. ಪೀಟರ್ 'ನಾನು' ಎನ್ನುವ ಕಡೆಯಲ್ಲೆಲ್ಲ ಹೋಲ್ಡ್‌ಬ್ರೂಕ್-ಸ್ಮಿತ್ ಅವರೇ. ಕತೆ ಹೇಳುವವರು ಬದಲಾದಾಗ ಮಾತ್ರ ಓದುವವರೂ ಬದಲಾಗುತ್ತಾರೆ. ಜರ್ಮನಿಯ ಟ್ರಿಯರ್ ನಗರದಲ್ಲಿ ನಡೆಯುವ 'ದಿ ಅಕ್ಟೋಬರ್ ಮ್ಯಾನ್' ಕಿರುಕಾದಂಬರಿಯ ನಾಯಕ ಟೋಬಿಯಾಸ್ ವಿಂಟರ್. ಅದನ್ನು ಓದಿದವರು ಸ್ಯಾಮ್ ಪೀಟರ್ ಜಾಕ್ಸನ್. ಪೀಟರನ ಚಿಕ್ಕ ಸಂಬಂಧಿ ಅಬಿಗೇಲ್ ತಾನೇ ಹೇಳುವ ಕತೆಯನ್ನು ಷ್ವೋರ್ನ್ ಮಾರ್ಕ್ಸ್ ಓದಿದ್ದಾರೆ. ನೀವು ಈಗ ಕೇಳುತ್ತಿರುವ ಮೂರನೆಯ ಪುಸ್ತಕದಲ್ಲಿ ಬೇಕರ್ ಸ್ಟ್ರೀಟ್ ನಿಲ್ದಾಣದ ಕೊಲೆಯ ಬೆನ್ನುಹತ್ತಿ ಅಮೆರಿಕದಿಂದ ಬರುವ ಎಫ್‌ಬಿಐ ಅಧಿಕಾರಿ ರೆನಾಲ್ಡ್ಸ್ ಇದ್ದಾರಲ್ಲ, ಅವರಿಗೂ ಮುಂದೆ ತಮ್ಮದೇ ಪುಸ್ತಕವಿದೆ, ತಮ್ಮದೇ ದನಿಯೂ ಇದೆ.

ಕಿವಿಯೋದುಗ

ಮೂವರಿಗೂ ಧನ್ಯವಾದಗಳು. ಅಚ್ಚಿನಮೊಳೆ ಅವರ ಸಲಹೆಯಂತೆ ನಾಲ್ಕನೆಯದರ ಇ-ಪುಸ್ತಕವನ್ನು ಕೊಳ್ಳುತ್ತೇನೆ. ಹೆಸರಿಗಿಂತ ದನಿ ನೆನಪಿನಲ್ಲಿ ಉಳಿಯುತ್ತದೆಂಬ ಮಾತು ನನ್ನ ಅನುಭವಕ್ಕೂ ಹೊಂದುತ್ತದೆ: ಫಾಲಿಯ ಮನೆಗೆಲಸದ ಮಾಲಿ ಎಂಬ ಹೆಸರಿನ ಹೆಂಗಸು ಒಂದೂ ಮಾತನಾಡದಿದ್ದರೂ ಅವಳು ಕೋಣೆಗೆ ಬಂದಳೆಂಬುದು ಉಳಿದವರ ದನಿಯ ಏರಿಳಿತದಿಂದಲೇ ಗೊತ್ತಾಗುತ್ತದೆ.

ಎರಡು ವಿಷಯ ಉಳಿದಿವೆ. ಕಿರುಕಾದಂಬರಿಗಳ ಮತ್ತು ಚಿತ್ರಕತೆಗಳ ಅನುಕ್ರಮ ಒಂದು. ಇನ್ನೊಂದು, ಕಾರಿನಲ್ಲಿ ಹೋಗುವಾಗ ಹಿಂದಿನ ಸೀಟಿನಲ್ಲಿ ನನ್ನ ಮಗಳಿರುತ್ತಾಳೆ. ಹನ್ನೆರಡು ವರ್ಷ. ಹೆಡ್‌ಫೋನ್ ಹಾಕಿಕೊಂಡು ವಾಹನ ನಡೆಸಲಾಗದು, ಸ್ಪೀಕರಿನಲ್ಲಿ ಹಾಕಿದರೆ ಅವಳಿಗೂ ಕೇಳುತ್ತದೆ. ಮಂತ್ರ, ಮಾತನಾಡುವ ನದಿ, ಟೋಬಿ ಎಂಬ ನಾಯಿ ಎಂದೆಲ್ಲ ನಾನು ಹೇಳಿದ್ದರಿಂದ ಅವಳೂ ಕೇಳುತ್ತೇನೆಂದು ಹಟ ಹಿಡಿದಿದ್ದಾಳೆ.

ತೇಮ್ಸ್ ದಂಡೆಯವಳು

ಅನುಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪ್ರಕಟವಾದ ವರ್ಷವನ್ನೇ ಹಿಡಿದು ಹೋಗಿ. 2013ರ 'ಬ್ರೋಕನ್ ಹೋಮ್ಸ್' ಆದ ಮೇಲೆ 2014ರ 'ಫಾಕ್ಸ್‌ಗ್ಲೋವ್ ಸಮ್ಮರ್'. ಅದರಲ್ಲಿ ಪೀಟರ್ ಲಂಡನ್ ಬಿಟ್ಟು ವೇಲ್ಸ್ ಗಡಿಗೆ ತಾಗಿದ ಹೆರಿಫರ್ಡ್‌ಶೈರ್ ಹಳ್ಳಿಗಾಡಿಗೆ, ಕಾಣೆಯಾದ ಇಬ್ಬರು ಬಾಲಕಿಯರನ್ನು ಹುಡುಕುವುದಕ್ಕೆ ನೆರವಾಗಲು ಹೋಗುತ್ತಾನೆ. ಪಟ್ಟಣದ ಹುಡುಗ ಹಸುಕುರಿಗಳ ನಡುವೆ ತಬ್ಬಿಬ್ಬಾಗುವುದು, ಅಲ್ಲಿನವರ ಎಳೆದಾಡುವ ಮಾತು, ಬೇಸಗೆಯ ಬಿಸಿಲು ಎಲ್ಲ ಸೇರಿ ಮಾಲಿಕೆಯಲ್ಲಿ ಕೇಳಲು ಅತ್ಯಂತ ಹಿತವಾದ ಪುಸ್ತಕ ಅದೇ ಎಂದು ನಾನು ಹೇಳುತ್ತೇನೆ. ಮುಖ್ಯ ಕತೆಯ ಓಟ ನಿಧಾನವಾಯಿತೆಂದು ಗೊಣಗುವವರೂ ಇದ್ದಾರೆ. ಅದಾದ ಮೇಲೆ 2016ರ 'ದಿ ಹ್ಯಾಂಗಿಂಗ್ ಟ್ರೀ'. ಮರುವರ್ಷದ ಕಿರುಕಾದಂಬರಿ 'ದಿ ಫರ್ದೆಸ್ಟ್ ಸ್ಟೇಷನ್', ಮೆಟ್ರೊಪಾಲಿಟನ್ ಮಾರ್ಗದ ರೈಲಿನಲ್ಲಿ ಬೆಳಗಿನ ಪ್ರಯಾಣಿಕರಿಗೆ ಕಾಣಿಸಿಕೊಳ್ಳುವ ದೆವ್ವಗಳ ಕತೆ. ಚಿಕ್ಕದು, ಒಂದು ವಾರಾಂತ್ಯಕ್ಕೆ ಸಾಕು. 2018ರ 'ಲೈಸ್ ಸ್ಲೀಪಿಂಗ್' ಕೇಳುವ ಮುನ್ನ ಬೇರೇನನ್ನೂ ನಡುವೆ ತರಬೇಡಿ. ಅಲ್ಲಿಂದ ಮುಂದೆ ಮಾಲಿಕೆಯ ಹದ ಬದಲಾಗುತ್ತದೆ, ಆಗ ಟ್ರಿಯರಿನ ಕತೆಗೂ ಅಬಿಗೇಲಳ ಕತೆಗೂ ಬಿಡುವಿರುತ್ತದೆ. 2025ರ 'ಸ್ಟೋನ್ ಅಂಡ್ ಸ್ಕೈ' ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ನಡೆಯುತ್ತದೆ. ಕತೆಯನ್ನು ಪೀಟರ್ ಮತ್ತು ಅಬಿಗೇಲ್ ಹಂಚಿಕೊಂಡು ಹೇಳುವುದರಿಂದ ಓದುವವರೂ ಇಬ್ಬರು.

ಚಿತ್ರಕತೆಗಳು ಟೈಟನ್ ಕಾಮಿಕ್ಸ್‌ನಿಂದ ಬಂದವು. ಆಂಡ್ರೂ ಕಾರ್ಟ್‌ಮೆಲ್ ಜೊತೆಗೂಡಿ ಬರೆದವು. ಮೊದಲನೆಯದಾದ 'ಬಾಡಿ ವರ್ಕ್' ನಾಲ್ಕು ಮತ್ತು ಐದನೆಯ ಕಾದಂಬರಿಗಳ ನಡುವಿನ ಕಾಲದಲ್ಲಿ ನಡೆಯುತ್ತದೆ. ಅವನ್ನು ಬಿಟ್ಟರೂ ಕತೆಯ ಎಳೆ ತಪ್ಪುವುದಿಲ್ಲ. ಯಾವುದೋ ಹಳೆಯ ಪ್ರಕರಣವೆಂದು ಪೀಟರ್ ಹೇಳಿ ಮುಂದೆ ಹೋದರೆ, ಅದು ಚಿತ್ರಕತೆಯಲ್ಲಿ ಬಂದಿರಬಹುದೆಂದುಕೊಂಡು ನೀವೂ ಮುಂದೆ ಹೋಗಿ.

ಇಲ್ಲಿ ನಾನು ಹೆಚ್ಚಿನವನ್ನು ಬಡಾವಣೆಯ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವದಿಂದ ಫೋನಿನ ಆ್ಯಪ್ ಮೂಲಕ ಎರವಲು ಪಡೆದು ಕೇಳಿದೆ, ಒಂದು ಪೈಸೆ ಖರ್ಚಿಲ್ಲದೆ. ನೀವು ಕೊಂಡುಕೊಳ್ಳುವುದಾದರೆ ಪೂರ್ಣ ಪಠ್ಯವೇ ಎಂದು ನೋಡಿಕೊಳ್ಳಿ, ಮೊದಲ ಪುಸ್ತಕ ಅಮೆರಿಕದಲ್ಲಿ 'ಮಿಡ್‌ನೈಟ್ ರಯಟ್' ಎಂಬ ಬೇರೆ ಹೆಸರಿನಲ್ಲಿ ಬಂದಿರುವುದನ್ನೂ ಗಮನದಲ್ಲಿಡಿ. ಹೊಸ ಪುಸ್ತಕವೆಂದುಕೊಂಡು ಅದನ್ನೇ ಮತ್ತೆ ಕೊಳ್ಳುವವರಿದ್ದಾರೆ.

ಅಚ್ಚಿನಮೊಳೆ

ಮಗಳ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿಯೂ ಈ ಚರ್ಚೆ ನಡೆದಿದೆ. ಹನ್ನೆರಡು ವರ್ಷದವರಿಗೆ ಮುಖ್ಯ ಕಾದಂಬರಿಗಳು ಬೇಡ. ಮೊದಲ ಪುಸ್ತಕದಲ್ಲಿ ಪಂಚ್‌ನ ವಶಕ್ಕೆ ಸಿಕ್ಕವರ ಮುಖಕ್ಕೆ ಏನಾಗುತ್ತದೆಂಬುದನ್ನು ನೀವು ಕೇಳಿದ್ದೀರಿ. ಅಲ್ಲಿ ಒಂದು ಹಸುಳೆಯ ಸಾವೂ ಇದೆ. ಎರಡನೆಯ ಪುಸ್ತಕದ ಕ್ಲಬ್ಬಿನ ನೆಲಮಾಳಿಗೆಯ ಅಧ್ಯಾಯ ದೊಡ್ಡವರಿಗೂ ಕಷ್ಟ. ಪುಟದಲ್ಲಿದ್ದರೆ ಅಂಥ ಸಾಲುಗಳ ಮೇಲಿಂದ ಕಣ್ಣು ಹಾರಿಸಬಹುದು. ಕಾರಿನ ಸ್ಪೀಕರಿನಲ್ಲಿ ಆ ಸೌಕರ್ಯವಿಲ್ಲ: ಅಷ್ಟು ಒಳ್ಳೆಯ ಓದುಗರು ಅಷ್ಟು ಸ್ಫುಟವಾಗಿ ಓದುತ್ತಿರುವಾಗ ನೀವು ಗುಂಡಿ ಒತ್ತುವಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ. ಬೈಗುಳಗಳ ಮಾತಂತೂ ಬೇಡವೇ ಬೇಡ. ಸೀವಾಲ್ ಒಬ್ಬರೇ ಸಾಕು.

ಅವಳ ಹಟಕ್ಕೆ ಒಂದು ದಾರಿಯಿದೆ. ಅಬಿಗೇಲ್ ಹೇಳುವ 'ವಾಟ್ ಅಬಿಗೇಲ್ ಡಿಡ್ ದಟ್ ಸಮ್ಮರ್' ಎಂಬ 2021ರ ಕಿರುಕಾದಂಬರಿಯಲ್ಲಿ ನಾಯಕಿ ಶಾಲೆಯ ಹುಡುಗಿ. ಹ್ಯಾಂಪ್‌ಸ್ಟೆಡ್ ಹೀತ್ ಬಳಿ ಮಕ್ಕಳು ಕಾಣೆಯಾಗುತ್ತಿರುವುದನ್ನು ಅವಳು ಪತ್ತೆ ಮಾಡುವುದಕ್ಕೆ ಮಾತನಾಡುವ ನರಿಗಳು ನೆರವಾಗುತ್ತವೆ. ಆ ನರಿಗಳು ತಾವು ಗೂಢಚಾರರೆಂದೇ ಭಾವಿಸಿಕೊಂಡು ಅದೇ ಗತ್ತಿನಲ್ಲಿ ನಡೆದುಕೊಳ್ಳುತ್ತವೆ. ಷ್ವೋರ್ನ್ ಮಾರ್ಕ್ಸ್ ಅವರ ಓದಿನಲ್ಲಿ ಅಬಿಗೇಲಳ ಚೂಟಿತನ ಹಾಗೆಯೇ ಬಂದಿದೆ. ಲಂಡನ್ನಿನ ಹದಿಹರೆಯದವರ ಆಡುಮಾತು ತುಂಬ ಇರುವುದರಿಂದ ನಿಮಗೆ ಅರ್ಥವಾಗದ ಪದಗಳು ನಿಮ್ಮ ಮಗಳಿಗೆ ಅರ್ಥವಾದರೆ ಆಶ್ಚರ್ಯಪಡಬೇಡಿ. ಸ್ವಲ್ಪ ಭಯದ ಭಾಗಗಳು ಅದರಲ್ಲಿಯೂ ಇವೆ, ಆದ್ದರಿಂದ ಮೊದಲು ನೀವೊಬ್ಬರೇ ಒಮ್ಮೆ ಕೇಳಿ ನೋಡುವುದು ಒಳ್ಳೆಯದು. ಮಾಲಿಕೆಯ ಹಿಂದಿನ ಘಟನೆಗಳು ಅದರಲ್ಲಿ ಅಷ್ಟಾಗಿ ಬಯಲಾಗುವುದಿಲ್ಲ. ಐದನೆಯ ಕಾದಂಬರಿ ಮುಗಿದ ಮೇಲೆ ಹಾಕಿಕೊಂಡರೆ ನಿಮಗೂ ತೊಂದರೆಯಿಲ್ಲ, ಏಕೆಂದರೆ ಪೀಟರ್ ಹಳ್ಳಿಗಾಡಿನಲ್ಲಿದ್ದ ಆ ಬೇಸಗೆಯಲ್ಲೇ ಅದು ಲಂಡನ್ನಿನಲ್ಲಿ ನಡೆಯುತ್ತದೆ.